ಹನ್ನೊಂದನೇ ದಿನದ ಆಚೆಗೆ ಮಾತಾಡಿಸುವವರು ಯಾರು?

ನಮ್ಮ ಮಡಕಶಿರಾ ಸೀಮೆಯಲ್ಲಿ ಸಾವಿನ ಮನೆಗೆ ಹೊರಟವರನ್ನು ಎಲ್ಲಿಗೆ ಅಂತ ಕೇಳಿದರೆ ಕನ್ನಡದವರು ‘ಮಾತಾಡ್ಸಿಕೊಂಡು ಬರಾನ ಅಂತ’ ಅನ್ನುತ್ತಾರೆ. ತೆಲುಗಿನವರು ‘ಪಲಕರಿಂಚಿ ವಸ್ತಾಮು’ ಅನ್ನುತ್ತಾರೆ. ಎರಡೂ ಒಂದೇ ಮಾತು. ಸಾಂತ್ವನ, ಸಂತಾಪ ಎಂಬ ಶಬ್ದಗಳು ಪತ್ರಿಕೆಯಲ್ಲಿ, ಸಭೆಯಲ್ಲಿ ಕೇಳಸಿಗುತ್ತವೆ. ಊರಿನ ಬಾಯಲ್ಲಿ ಅವು ಇಲ್ಲ. ಊರಿನ ಲೆಕ್ಕದಲ್ಲಿ ಸಾವಿನ ಮನೆಗೆ ಹೋದವನ ಕೆಲಸ ಆ ಮನೆಯವರನ್ನು ಮಾತಾಡಿಸುವುದು, ಅಂದರೆ ಅವರು ಬಾಯಿಬಿಟ್ಟು ಮಾತಾಡುವ ಹಾಗೆ ಮಾಡುವುದು. ಎರಡು ಭಾಷೆಯಲ್ಲಿ ಪದ್ಯ ಕಟ್ಟುವ ನನಗೆ ಈ ಅರ್ಥ ಹೊಳೆಯಲು ಐವತ್ತು ವರ್ಷ ಬೇಕಾಯಿತು. ಅದೂ ಒಬ್ಬ ಹೆಣ್ಣುಮಗಳು ಮುಖಕ್ಕೆ ಹೇಳಿದ ಮೇಲೆ.

ಈ ಮಾತನ್ನು ಈಗ ಎತ್ತಲು ಕಾರಣವುಂಟು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2023ನೇ ಇಸವಿಯ ಲೆಕ್ಕವನ್ನು 2025ರಲ್ಲಿ ಹೊರಗೆ ಬಿಟ್ಟಿತು. ಆ ಒಂದು ವರ್ಷದಲ್ಲಿ ದೇಶದಲ್ಲಿ ಬೇಸಾಯ ನಂಬಿದ 10,786 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ರೈತರು 4,690, ಕೃಷಿ ಕೂಲಿಕಾರರು 6,096. ಪಟ್ಟಿಯಲ್ಲಿ ಮೊದಲು ಮಹಾರಾಷ್ಟ್ರ, ಆಮೇಲೆ ಕರ್ನಾಟಕ, ಮೂರನೆಯದು ಆಂಧ್ರಪ್ರದೇಶ. ಜತ್ತ, ಅಕ್ಕಲಕೋಟೆ, ರಾಯದುರ್ಗ, ಆದೋನಿ, ಮಡಕಶಿರಾದಲ್ಲಿ ಕೂತು ಈ ಪುಟ ಓದುವವರಿಗೆ ಇವು ದೂರದ ಅಂಕಿಗಳಲ್ಲ.

ಅಂಕಿ ಬಂದ ದಿನ ಚರ್ಚೆ ಜೋರಾಗಿ ನಡೆಯಿತು. ಮಳೆ, ಬೆಲೆ, ಬೆಳೆವಿಮೆ, ಸಾಲಮನ್ನಾ, ಯಾವ ಸರ್ಕಾರದ ಕಾಲದಲ್ಲಿ ಎಷ್ಟು ಎಂಬ ಲೆಕ್ಕ. ಇವೆಲ್ಲ ಬೇಕಾದ ಚರ್ಚೆಯೇ. ಆದರೆ ಸತ್ತವರ ಲೆಕ್ಕ ಇಡುವ ವರದಿಯಲ್ಲಿ ಉಳಿದವರ ಲೆಕ್ಕ ಇರುವುದಿಲ್ಲ. ಒಬ್ಬನ ಹಿಂದೆ ಹೆಂಡತಿ, ಎರಡು ಮೂರು ಮಕ್ಕಳು, ಮುದಿ ತಂದೆ ತಾಯಿ ಅಂತ ಹಿಡಿದರೂ ಎಷ್ಟು ಜನವಾಯಿತು? ಅವರನ್ನು ಹಿಡಿದು ನಿಲ್ಲಿಸಿದವರು ಯಾರು? ಹಾಗೆ ನಿಲ್ಲಿಸಲು ಯಾರೂ ಇರಲಿಲ್ಲವೋ? ಆತ್ಮಹತ್ಯೆ ಒಂದೇ ಅಲ್ಲ. ಹೃದಯಾಘಾತ, ರಸ್ತೆ ಅಪಘಾತ, 2020–21ರ ಕೊರೋನಾ, ಯಾವ ಸಾವಾದರೂ ಮನೆಯೊಳಗಿನ ಪ್ರಶ್ನೆ ಇದೇ.

ಪದ್ಯ ಓದಿ ಬಂದವನ ಕಥೆ

ಕೆಲವು ವರ್ಷದ ಹಿಂದೆ ನಮಗೆ ಹತ್ತಿರದ ಊರಿನಲ್ಲಿ ಒಬ್ಬ ರೈತ ತಾನಾಗಿ ಜೀವ ಕಳಕೊಂಡ. ಊರು, ಹೆಸರು ಬರೆಯುವುದಿಲ್ಲ. ಆ ಮನೆಯವರು ಇನ್ನೂ ಅದೇ ಬೀದಿಯಲ್ಲಿ ಬಾಳಬೇಕು. ಸ್ವಂತದ್ದು ಒಂದೂವರೆ ಎಕರೆ, ಗುತ್ತಿಗೆಗೆ ಹಿಡಿದದ್ದು ನಾಲ್ಕು ಎಕರೆ, ಎಲ್ಲಾ ಕಡಲೆಕಾಯಿ. ಸಾಲ ಇತ್ತು, ಬೋರು ಬತ್ತಿತ್ತು. ಅದೇ ಕಾರಣವಾ, ಮನಸ್ಸಿನಲ್ಲಿ ಇನ್ನೇನಿತ್ತು, ಅದರ ಮೇಲೆ ತೀರ್ಪು ಕೊಡೋಕೆ ನಾನು ಹೋಗೋದಿಲ್ಲ. ಗಡಿ ದಾಟಿಸಿ ಕರ್ನಾಟಕದ ಆಸ್ಪತ್ರೆಗೆ ಸೇರಿಸಿದ್ದರು, ಉಳಿಯಲಿಲ್ಲ.

ಅವನು ನನ್ನ ಪದ್ಯ ಕೇಳುತ್ತಿದ್ದವನು. ಕವಿಗೋಷ್ಠಿ ಎಲ್ಲಿ ನಡೆದರೂ ಬಂದು ಮುಂದೆ ಕೂರುತ್ತಿದ್ದ. ಹನ್ನೊಂದನೇ ದಿನ ಶಾಮಿಯಾನ ಹಾಕಿದ್ದರು, ಫೋಟೋಗೆ ಹಾರ ಹಾಕಿದ್ದರು. ನಾನು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಬರೆದುಕೊಂಡು ಹೋದ ಪದ್ಯ ಓದಿದೆ. ಕೂತಿದ್ದವರು ಕಣ್ಣೊರೆಸಿಕೊಂಡರು. ಒಬ್ಬಿಬ್ಬರು ನಕಲು ಬರೆದುಕೊಂಡರು. ನನ್ನ ಪಾಲಿನ ಕರ್ತವ್ಯ ಮುಗೀತು ಅಂದುಕೊಂಡು ಊಟ ಮಾಡಿ ಮನೆಗೆ ಬಂದೆ.

ನಾಲ್ಕು ತಿಂಗಳಾದ ಮೇಲೆ ಮಡಕಶಿರಾ ಬಸ್‌ ನಿಲ್ದಾಣದಲ್ಲಿ ಅವನ ಹೆಂಡತಿ ಸಿಕ್ಕಳು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ಕಾಗದಗಳು. ಚೆನ್ನಾಗಿದ್ದೀಯೇನಮ್ಮ ಅಂದೆ. ಬಾಯಿಗೆ ಬಂದ ಮಾತು ಅದು, ಕೇಳಬಾರದಿತ್ತು. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಹೇಳಿದಳು:

‘ಅಣ್ಣಾ, ಅವತ್ತು ನೀವು ಓದಿದ ಪದ್ಯ ಬಾಳ ಚೆನ್ನಾಗಿತ್ತಂತೆ. ಎಲ್ರೂ ಹೇಳ್ತಾರೆ. ನಂಗೆ ಅವತ್ತು ಏನೂ ಕೇಳಿಸ್ಲಿಲ್ಲ. ಆಮ್ಯಾಕೆ ನೀವ್ಯಾಕೆ ಒಂದ್ ಸಲನಾದ್ರೂ ಬರ್ಲಿಲ್ಲ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನೊಬ್ಬನೇ ಅಲ್ಲ, ಅವತ್ತು ಶಾಮಿಯಾನದ ಕೆಳಗೆ ಕೂತಿದ್ದ ಮುನ್ನೂರು ಜನರಲ್ಲಿ ಆ ನಾಲ್ಕು ತಿಂಗಳಲ್ಲಿ ಆ ಮನೆಗೆ ಮತ್ತೆ ಹೋದವರು ಬೆರಳೆಣಿಕೆಯಷ್ಟು ಅಂತ ಆಮೇಲೆ ಗೊತ್ತಾಯಿತು. ಹೋದವರಲ್ಲಿ ಇಬ್ಬರು ಸಾಲ ಕೇಳಲು ಹೋದವರು.

ಹಳೇ ಲೆಕ್ಕ, ಹೊಸ ಅವಸರ

ನಮ್ಮ ಹಿರಿಯರಿಗೆ ಓದು ಬರುತ್ತಿರಲಿಲ್ಲ, ಆದರೆ ದುಃಖಕ್ಕೆ ಒಂದು ಪಂಚಾಂಗ ಮಾಡಿಟ್ಟಿದ್ದರು. ಸಾವಾದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಅಕ್ಕಪಕ್ಕದವರು ಅನ್ನ ಸಾರು ತಂದು, ಬೇಡ ಅಂದರೂ ಎರಡು ತುತ್ತು ಉಣ್ಣಿಸಿ ಹೋಗಬೇಕು. ಮೂರನೇ ದಿನ ಹಾಲು ತುಪ್ಪ. ಹನ್ನೊಂದನೇ ದಿನ ತಿಥಿ. ಆಮೇಲೆ ತಿಂಗಳಿನದು, ಆರು ತಿಂಗಳಿನದು, ವರ್ಷದ್ದು. ನಡುವೆ ಮಹಾಲಯ ಅಮಾವಾಸ್ಯೆ. ಸಾವಾದ ಮೇಲಿನ ಮೊದಲ ಯುಗಾದಿಗೆ ಆ ಮನೆಯಲ್ಲಿ ಹೋಳಿಗೆ ತಟ್ಟುವುದಿಲ್ಲ, ಬೇರೆ ಮನೆಯಿಂದ ಬರುತ್ತದೆ. ಜಾತಿಯಿಂದ ಜಾತಿಗೆ ದಿನಗಳು ಬೇರೆ, ಹೂಳುವವರು ಸುಡುವವರು ಬೇರೆ. ಶಾಸ್ತ್ರದ ಮೇಲೆ ನಂಬಿಕೆ ಇಲ್ಲದವರೂ ಇದರಲ್ಲಿ ಒಂದನ್ನು ಗಮನಿಸಬಹುದು: ಆ ಮನೆಗೆ ಒಂದು ವರ್ಷದವರೆಗೆ ಯಾರಾದರೂ ಬರಲೇಬೇಕಾದ ದಿನಗಳನ್ನು ಅದು ಗೊತ್ತುಮಾಡಿತ್ತು.

ಹೆಂಗಸರು ಹಾಡಿಕೊಂಡು ಅಳುವುದನ್ನು ಕೇಳಿದವರಿಗೆ ಗೊತ್ತು, ಆ ಅಳುವಿನಲ್ಲಿ ಸತ್ತವನ ಪೂರಾ ಜೀವನ ಬರುತ್ತದೆ. ಅವನು ಕಟ್ಟಿದ ಎತ್ತು, ತಂದ ಸೀರೆ, ಆಡಿದ ಜಗಳ, ಎಲ್ಲಾ. ನಮ್ಮ ಕಡೆ ಒಂದೇ ಅಳುವಿನಲ್ಲಿ ತವರಿನ ತೆಲುಗು, ಗಂಡನ ಮನೆಯ ಕನ್ನಡ ಎರಡೂ ಬೆರೆಯುತ್ತವೆ. ಹೀಗೆ ಅಳುವುದಕ್ಕೂ ಅಕ್ಕಪಕ್ಕ ಕೂತು ಹ್ಞೂಂಗುಟ್ಟುವವರು ಬೇಕು.

ಈಗ ಇದೆಲ್ಲ ಮೊಟಕಾಗುತ್ತಿದೆ. ಯಾರನ್ನೂ ಬೈದು ಪ್ರಯೋಜನವಿಲ್ಲ. ಮಕ್ಕಳು ಬೆಂಗಳೂರಿನಲ್ಲೋ ಹಿಂದೂಪುರದಲ್ಲೋ ಕೆಲಸಕ್ಕಿದ್ದಾರೆ, ರಜೆ ಸಿಗುವುದು ಮೂರು ನಾಲ್ಕು ದಿನ. ಹನ್ನೊಂದನೇ ದಿನದ ಕೆಲಸವನ್ನು ಐದನೇ ದಿನಕ್ಕೇ ಮುಗಿಸಿ ಬಸ್ಸು ಹತ್ತುವವರು ಉಂಟು. ತಿಂಗಳಿನದ್ದೂ ವರ್ಷದ್ದೂ ಒಂದೇ ದಿನ ಸೇರಿಸಿ ಮಾಡುವವರೂ ಉಂಟು. ಇನ್ನೊಂದು ಕಡೆ ಮೊದಲ ದಿನಗಳ ಖರ್ಚು ಬೆಳೆದಿದೆ. ಶವಪೆಟ್ಟಿಗೆಗೆ ಬಾಡಿಗೆ, ಶಾಮಿಯಾನಕ್ಕೆ ಬಾಡಿಗೆ, ಸರ್ಕಲ್ಲಿನಲ್ಲಿ ಫ್ಲೆಕ್ಸು, ಊರಿಗೆಲ್ಲಾ ಊಟ. ಸಾಲದಿಂದ ಸತ್ತವನ ತಿಥಿಗೂ ಸಾಲ ಮಾಡುತ್ತಾರೆ. ಫೋನಿನಲ್ಲಿ ‘ಓಂ ಶಾಂತಿ’ ಅಂತ ನೂರು ಜನ ಕಳಿಸುತ್ತಾರೆ. ಕಳಿಸಿದವನಿಗೆ ಹೋಗಿ ಬಂದ ಸಮಾಧಾನ ಸಿಕ್ಕಿಬಿಡುತ್ತದೆ. ಜನ, ದುಡ್ಡು, ಮಾತು ಎಲ್ಲಾ ಮೊದಲ ಹತ್ತು ದಿನಕ್ಕೆ ಬಂದು ಸೇರಿಕೊಂಡಿವೆ. ಹನ್ನೆರಡನೇ ದಿನದಿಂದ ಮನೆ ಖಾಲಿ.

ವೈದ್ಯರು ಏನನ್ನುತ್ತಾರೆ ಅನ್ನೋದನ್ನೂ ಹೇಳಬೇಕು. ಸಾವಿನ ದುಃಖ ಕಾಯಿಲೆಯಲ್ಲ, ಹೆಚ್ಚಿನವರು ಮೆಲ್ಲಗೆ ಚೇತರಿಸಿಕೊಳ್ಳುತ್ತಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ, 2022ರ ಜನವರಿ 1ರಿಂದ ಜಾರಿಯಲ್ಲಿರುವುದು, ಒಂದು ಎಚ್ಚರಿಕೆ ಕೊಡುತ್ತದೆ. ಆರು ತಿಂಗಳು ದಾಟಿದರೂ ದುಃಖ ಒಂದಿಷ್ಟೂ ಇಳಿಯದೆ, ಉಣ್ಣುವುದು, ಮಲಗುವುದು, ದುಡಿಯುವುದೇ ನಿಂತುಹೋಗಿದ್ದರೆ ಅದಕ್ಕೆ ಚಿಕಿತ್ಸೆ ಬೇಕಾಗಬಹುದು. ಹಾಗಾಗಿದೆಯೋ ಇಲ್ಲವೋ ಅಂತ ಗೊತ್ತಾಗಬೇಕಾದರೆ ಆರನೇ ತಿಂಗಳಲ್ಲೂ ಆ ಮನೆಗೆ ಹೋಗಿ ನೋಡುವ ಒಬ್ಬರು ಇರಬೇಕಲ್ಲ? ಹಳೇ ಪಂಚಾಂಗದಲ್ಲಿ ಆರನೇ ತಿಂಗಳು ಇತ್ತು.

ಎರಡು ರಾಜ್ಯದ ನಡುವೆ ಒಂದು ಮರಣ ಪತ್ರ

ಆ ಹೆಣ್ಣುಮಗಳ ಕವರಿನಲ್ಲಿದ್ದ ಕಾಗದಗಳನ್ನು ನಾನು ಅಲ್ಲೇ ಬೆಂಚಿನ ಮೇಲೆ ಕೂತು ನೋಡಿದೆ. ಮನೆ ಆಂಧ್ರದಲ್ಲಿ, ಸಾವಾದದ್ದು ಕರ್ನಾಟಕದಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ಎಲ್ಲಿ ಆಯಿತೋ ಅಲ್ಲೇ ದಾಖಲಾಗಬೇಕು, ಮನೆ ಎಲ್ಲಿದ್ದರೂ ಸರಿ. ಇದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಅವಳು ನಾಲ್ಕು ತಿಂಗಳು ತನ್ನ ಊರಿನ ಕಚೇರಿಯಲ್ಲಿ ಕೇಳಿದ್ದಾಳೆ. ಅವರು ಇಲ್ಲಿ ಬರೋದಿಲ್ಲ ಅಂದಿದ್ದಾರೆ. ಎಲ್ಲಿ ಬರುತ್ತದೆ ಅಂತ ಯಾರೂ ಹೇಳಿಲ್ಲ. ಆಸ್ಪತ್ರೆ ಇರುವ ಊರಿಗೆ ಹೋಗಿ ಕೇಳಿದರೆ ಹೆಸರಿನಲ್ಲಿ ಒಂದಕ್ಷರ ತಪ್ಪು. ಆಧಾರ್‌ನಲ್ಲಿ ತೆಲುಗಿನಲ್ಲಿದ್ದ ಹೆಸರನ್ನು ಕನ್ನಡದಲ್ಲಿ ಬರೆಯುವಾಗ ಆದ ತಪ್ಪು ಅದು. ಆ ಒಂದಕ್ಷರಕ್ಕೆ ಮೂರು ಸಲ ಓಡಾಡಿದೆವು.

ಸಾವಾದ 21 ದಿನದೊಳಗೆ ದಾಖಲಿಸಿದರೆ ಶುಲ್ಕವಿಲ್ಲ. ಮೂವತ್ತು ದಿನದವರೆಗೆ ತಡವಾದ ಶುಲ್ಕ ಕಟ್ಟಿ ಮಾಡಿಸಬಹುದು. ಅದು ದಾಟಿದರೆ ಮೇಲಧಿಕಾರಿಯ ಅನುಮತಿ, ಸ್ವಯಂ ದೃಢೀಕರಿಸಿದ ಪತ್ರ ಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಆ ಅಧಿಕಾರವನ್ನು ಜಿಲ್ಲಾ ಅಥವಾ ಉಪವಿಭಾಗದ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದ್ದಾರೆ. ಆಸ್ಪತ್ರೆಯಲ್ಲಿ ಸಾವಾದರೆ ಆಸ್ಪತ್ರೆಯೇ ತಿಳಿಸಬೇಕು. ಮನೆಯಲ್ಲಾದರೆ ಮನೆಯವರೇ ತಿಳಿಸಬೇಕು.

ಇಲ್ಲಿ ನಮ್ಮ ರೂಢಿಯ ಒಂದು ತೊಡಕನ್ನು ಮುಚ್ಚಿಡದೆ ಹೇಳಬೇಕು. ಗಂಡ ಸತ್ತವಳು ಇಷ್ಟು ದಿನ ಹೊಸಿಲು ದಾಟಬಾರದು, ಇಷ್ಟು ತಿಂಗಳು ಎದುರಿಗೆ ಬರಬಾರದು ಅನ್ನುವ ಕಟ್ಟಳೆ ಬಹಳ ಮನೆಗಳಲ್ಲಿ ಇನ್ನೂ ಇದೆ. ಕಾಗದದ ಗಡುವೆಲ್ಲ ಓಡುವುದು ಅದೇ ದಿನಗಳಲ್ಲಿ. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ, ಅಪಘಾತದ ಸುರಕ್ಷಾ ವಿಮೆಗೆ 20 ರೂಪಾಯಿ ಬ್ಯಾಂಕಿನ ಖಾತೆಯಿಂದ ತಾನಾಗಿ ಕಡಿತವಾಗಿರುತ್ತದೆ. ಎರಡಕ್ಕೂ ತಲಾ ಎರಡು ಲಕ್ಷದ ರಕ್ಷಣೆ. ಗಂಡ ಅರ್ಜಿಗೆ ಸಹಿ ಹಾಕಿದ್ದು ಹೆಂಡತಿಗೆ ಗೊತ್ತಿರುವುದಿಲ್ಲ. ಒಂದು ತಿಂಗಳೊಳಗೆ ಅರ್ಜಿ ಕೊಟ್ಟರೆ ಕೆಲಸ ಸಲೀಸು. ಪಾಸ್‌ಬುಕ್ಕನ್ನು ತೆಗೆದು ಆ 436, ಆ 20 ಕಡಿತವಾಗಿದೆಯಾ ಅಂತ ನೋಡುವವರು ಬೇಕು. ಹತ್ತನೇ ತರಗತಿ ಓದಿದ ಯಾವ ಹುಡುಗ ಹುಡುಗಿಯಾದರೂ ನೋಡಬಹುದು.

ಹೊಸಿಲಿನ ಕಟ್ಟಳೆ ಬದಲಾಗುವುದೇ ಇಲ್ಲ ಅನ್ನುವವರಿಗೆ ಒಂದು ಮಾತು. ಕೊಲ್ಹಾಪುರ ಜಿಲ್ಲೆ ಶಿರೋಳ ತಾಲ್ಲೂಕಿನ ಹೇರವಾಡ ಗ್ರಾಮ ಪಂಚಾಯತಿ 2022ರ ಮೇ ತಿಂಗಳಲ್ಲಿ ಠರಾವು ಮಾಡಿ, ಗಂಡ ಸತ್ತವಳ ಬಳೆ ಒಡೆಯುವುದು, ಕುಂಕುಮ ಅಳಿಸುವುದು ಮುಂತಾದ ಪದ್ಧತಿಯನ್ನು ನಿಲ್ಲಿಸಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯತಿಗಳೂ ಆ ದಾರಿ ಹಿಡಿಯಲಿ ಅಂತ ಸುತ್ತೋಲೆ ಕಳಿಸಿತು. ಅದೂ ಕರ್ನಾಟಕದ ಗಡಿಗೆ ಅಂಟಿದ ತಾಲ್ಲೂಕೇ.

ಪರಿಹಾರದ ಬಾಗಿಲು, ಸಾಲದ ಬಾಗಿಲು

ರೈತ ಆತ್ಮಹತ್ಯೆಗೆ ಆಂಧ್ರದಲ್ಲಿ ಪರಿಹಾರ ಕೊಡುವ 421ನೇ ಆದೇಶ ಬಂದದ್ದು 2004ರ ಜೂನ್ 1ರಂದು. ಆಗ ಒಂದು ಲಕ್ಷ, ಜೊತೆಗೆ ಸಾಲ ತೀರಿಸಲು ಐವತ್ತು ಸಾವಿರ. 2015ರಲ್ಲಿ ಐದು ಲಕ್ಷ, 2019ರಲ್ಲಿ ಏಳು ಲಕ್ಷಕ್ಕೆ ಏರಿಸಿದರು. ಕರ್ನಾಟಕವೂ 2015ರಲ್ಲಿ ಐದು ಲಕ್ಷಕ್ಕೆ ಏರಿಸಿತು. ಮೊತ್ತ ಬೆಳೆದದ್ದು ನಿಜ. ಬಾಗಿಲು ಮಾತ್ರ ಅಷ್ಟೇ ಸಣ್ಣದು. ನಮ್ಮಲ್ಲಿ ಆರ್‌ಡಿಒ, ಡಿಎಸ್‌ಪಿ, ಕೃಷಿ ಇಲಾಖೆಯ ಸಹಾಯಕ ನಿರ್ದೇಶಕರ ಸಮಿತಿ ಬಂದು ವಿಚಾರಣೆ ಮಾಡಬೇಕು. ಪೊಲೀಸ್ ದೂರು, ಶವಪರೀಕ್ಷೆ ವರದಿ, ಪಟ್ಟಾ ಪಾಸ್‌ಬುಕ್ಕು, ಸಾಲದ ಪತ್ರ, ವಾರಸುದಾರರ ಪತ್ರ ಎಲ್ಲಾ ಬೇಕು. ಖಾಸಗಿಯವರು ಕೊಟ್ಟ ಸಾಲಕ್ಕೆ ಚೀಟಿ ಎಲ್ಲಿರುತ್ತದೆ?

ಗುತ್ತಿಗೆ ರೈತನ ಪಾಡು ಇನ್ನೂ ಕಷ್ಟ. 2019ರ ಆಂಧ್ರ ಬೆಳೆ ಸಾಗುವಳಿದಾರರ ಹಕ್ಕು ಕಾಯ್ದೆಯಲ್ಲಿ ಹನ್ನೊಂದು ತಿಂಗಳ ಕಾರ್ಡು ಉಂಟು. ಆದರೆ ಭೂಮಿಯ ಮಾಲೀಕ ಒಪ್ಪಿ ಸಹಿ ಹಾಕಬೇಕು. ಎಷ್ಟು ಮಾಲೀಕರು ಹಾಕುತ್ತಾರೆ ಅಂತ ಓದುಗರೇ ಬಲ್ಲರು. ನಿಮ್ಮಲ್ಲಿ ಮಾಲೀಕರೂ ಇದ್ದೀರಿ, ಗುತ್ತಿಗೆದಾರರೂ ಇದ್ದೀರಿ. ಗಡಿಯಲ್ಲಿ ಇನ್ನೊಂದು ಗಂಟು ಉಂಟು: ಮನೆ ಈ ರಾಜ್ಯದಲ್ಲಿ, ಉಳುವ ನೆಲ ಆ ರಾಜ್ಯದಲ್ಲಿ, ಸಾಲ ಎರಡೂ ಕಡೆ. ವಿಚಾರಣೆಗೆ ಬಂದವರು ಅಲ್ಲಿ ಕೇಳಿ ಅಂದರೆ ಅಲ್ಲಿಯವರು ಇಲ್ಲಿ ಕೇಳಿ ಅನ್ನುತ್ತಾರೆ. ಗಂಡನನ್ನು ಕಳಕೊಂಡವಳು ಅವನು ಯಾಕೆ ಸತ್ತ ಅನ್ನುವುದನ್ನು ಎರಡು ಭಾಷೆಯಲ್ಲಿ, ಹತ್ತು ಜನ ಗಂಡಸರ ಮುಂದೆ, ಹತ್ತು ಸಲ ಹೇಳಬೇಕು. ಆಗ ಅವಳ ಪಕ್ಕದಲ್ಲಿ ನಿಂತು, ಬೇಕಾದಾಗ ಮಾತು ಜೋಡಿಸಿ, ಬೇಡದ ಪ್ರಶ್ನೆಗೆ ‘ಸಾರ್, ಅದು ಬೇಡ ಬಿಡಿ’ ಅನ್ನುವ ಒಬ್ಬರು ಬೇಕು. ಇದೂ ಸಂತೈಸುವ ಕೆಲಸವೇ. ಅವಳ ಜೊತೆ ನಾಲ್ಕು ಕಚೇರಿ ಸುತ್ತಿದ ಮೇಲೆ ನನಗೆ ಇದು ಮನದಟ್ಟಾಯಿತು.

ಸಾಲ ಕೊಟ್ಟವರ ವಿಷಯ. ಬ್ಯಾಂಕುಗಳ ಸಂಘ ಮಾಡಿಕೊಂಡಿರುವ ಸಾಲ ವಸೂಲಿ ಮಾದರಿ ನಿಯಮದಲ್ಲಿ, ಮನೆಯಲ್ಲಿ ಸಾವಾದಂಥ ಸಮಯದಲ್ಲಿ ವಸೂಲಿಗೆ ಹೋಗಬಾರದು, ಫೋನ್ ಮಾಡಬಾರದು ಅಂತಲೇ ಬರೆದಿದೆ. ಕಿರುಸಾಲ ಕೊಡುವವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ನಿರ್ದೇಶನ ಕೊಟ್ಟಿದೆ. ಕರ್ನಾಟಕ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, ಆಮೇಲೆ ಕಾಯ್ದೆ ಮಾಡಿ, ಬಲವಂತದ ವಸೂಲಿಗೆ ಶಿಕ್ಷೆ ಇಟ್ಟಿತು. ಗಡಿಯ ಗೆರೆ ದಾಟಿದರೆ ಆ ಕಾಯ್ದೆ ಇಲ್ಲ. ರಿಸರ್ವ್ ಬ್ಯಾಂಕಿನ ಮಾತು ಎರಡೂ ಕಡೆ ನಡೆಯುತ್ತದೆ, ಅದನ್ನು ಗೊತ್ತುಮಾಡಿಕೊಂಡಿರಬೇಕು. ಹಲವು ಕಿರುಸಾಲಗಳಿಗೆ ಜೀವವಿಮೆ ಸೇರಿರುತ್ತದೆ. ಸಾಲ ತೆಗೆದವರು ತೀರಿಕೊಂಡರೆ ಸಾಲವೇ ತೀರಬಹುದು. ಕಂತು ಕಟ್ಟುವ ಮುಂಚೆ ಅದನ್ನು ಕೇಳಬೇಕು.

ಮಂಡಿ ವರ್ತಕರಿಗೂ ಒಂದು ಮಾತು. ಕಡಲೆಕಾಯಿ ಬೀಜಕ್ಕೆ, ಗೊಬ್ಬರಕ್ಕೆ ಸಾಲ ಕೊಟ್ಟವರು ನೀವು. ನಿಮ್ಮ ದುಡ್ಡೂ ದುಡ್ಡೇ, ಬಿಟ್ಟುಬಿಡಿ ಅಂತ ಹೇಳಲು ನನಗೆ ಹಕ್ಕಿಲ್ಲ. ಆದರೆ ಸಾವಾದ ಮನೆಗೆ ಲೆಕ್ಕದ ಪುಸ್ತಕ ಒಂದು ಬೆಳೆ ಮುಗಿಯುವವರೆಗೆ ಹೋಗುವುದಿಲ್ಲ ಅಂತ ನೀವೇ ಸೇರಿ ಒಂದು ಕಟ್ಟುಮಾಡಿಕೊಳ್ಳಬಹುದು. ಕೆಲವರು ಯಾರಿಗೂ ಹೇಳದೆ ಹಾಗೆ ಮಾಡುತ್ತಿರುವುದು ನನಗೆ ಗೊತ್ತು.

ಕೂತುಕೊಳ್ಳುವವರು

ಆ ಮನೆಗೆ ಬಿಡದೆ ಹೋದವರು ಒಬ್ಬರಿದ್ದರು. ಅದೇ ಬೀದಿಯ ಒಬ್ಬ ಮುದುಕಿ. ಅವಳ ಗಂಡ ಸತ್ತು ಮೂವತ್ತು ವರ್ಷ, ಮಗ ಸತ್ತು ಹತ್ತು ವರ್ಷ. ಮಧ್ಯಾಹ್ನ ಮೊರ ಹಿಡಿದುಕೊಂಡು ಬಂದು ಜಗಲಿ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳಂತೆ. ಮಾತಿಲ್ಲ. ಕೆಲವು ದಿನ ಕಳೆದ ಮೇಲೆ ಇವಳೂ ಪಕ್ಕದಲ್ಲಿ ಕೂತು ಸುಲಿಯತೊಡಗಿದಳು. ಒಂದು ದಿನ ಸುಲಿಯುತ್ತಾ ಸುಲಿಯುತ್ತಾ ಬಾಯಿ ಬಂತು, ಎಲ್ಲಾ ಹೇಳಿಕೊಂಡಳು. ನಾನು ಆ ಅಜ್ಜಿಯನ್ನು ಕೇಳಿದೆ, ಅಜ್ಜೀ, ಏನು ಹೇಳಿ ಸಮಾಧಾನ ಮಾಡಿದೆ ಅಂತ. ‘ನಾನೇನು ಹೇಳ್ಲಪ್ಪ? ನಂಗೇನು ಗೊತ್ತೈತೆ? ಅವ್ಳು ಹೇಳಿದ್ಳು, ನಾನು ಕೇಳಿದೆ’ ಅಂದಳು.

ನಾವು ಗಂಡಸರು ಸಾವಿನ ಮನೆಗೆ ಹೋದರೆ ಏನಾದರೂ ಹೇಳಲೇಬೇಕು ಅಂದುಕೊಳ್ಳುತ್ತೇವೆ. ‘ಹಣೆಬರಹ’, ‘ದೇವರು ಕರಕೊಂಡ’, ‘ಮಕ್ಕಳ ಮುಖ ನೋಡಿ ಗಟ್ಟಿಯಾಗು’, ‘ಇನ್ನೂ ವಯಸ್ಸಿದೆ’ ಇತ್ಯಾದಿ. ಇವು ನಮ್ಮ ಮುಜುಗರ ಕಳೆಯಲು ನಾವು ಆಡುವ ಮಾತು. ಆತ್ಮಹತ್ಯೆಯ ಮನೆಯಲ್ಲಿ ಇನ್ನೂ ಕೆಟ್ಟ ಮಾತು ಬರುತ್ತದೆ: ‘ನಿಂಗೆ ಮೊದಲೇ ಗೊತ್ತಾಗ್ಲಿಲ್ವಾ?’ ಅವಳು ಆ ಪ್ರಶ್ನೆಯನ್ನು ರಾತ್ರಿಯೆಲ್ಲಾ ತನಗೇ ಕೇಳಿಕೊಂಡಿರುತ್ತಾಳೆ. ಸತ್ತವನ ಹೆಸರು ಎತ್ತಿದರೆ ಅಳುತ್ತಾಳೆ ಅಂತ ಹೆಸರೇ ಎತ್ತದೆ ಇರುವುದೂ ತಪ್ಪು. ಹೆಸರು ಹೇಳಿ, ಅವನು ಹೀಗೆ ಮಾಡ್ತಿದ್ದ ಅಂತ ನೆನೆಸಿದರೆ ಅಳುತ್ತಾಳೆ, ಆಮೇಲೆ ತಾನೇ ಇನ್ನೊಂದು ನೆನೆಸಿ ಹೇಳುತ್ತಾಳೆ. ಮಕ್ಕಳಿಗೆ ಅಪ್ಪ ಊರಿಗೆ ಹೋಗಿದ್ದಾನೆ ಅಂತ ಸುಳ್ಳು ಹೇಳುವುದೂ ಬೇಡ. ಅವರು ಶಾಲೆಯಲ್ಲಿ ಬೇರೆಯವರ ಬಾಯಿಂದ ನಿಜ ಕೇಳುತ್ತಾರೆ, ಆಮೇಲೆ ನಮ್ಮ ಮಾತು ನಂಬುವುದಿಲ್ಲ.

ಇನ್ನೊಂದು ಸತ್ಯ ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ನಮ್ಮ ಊರುಗಳಲ್ಲಿ ಸಾವಿನ ಕೆಲಸದ ಭಾರವನ್ನೆಲ್ಲಾ ಹೊತ್ತವರು ತಮಟೆ ಬಡಿಯುವವರು, ಗುಂಡಿ ತೋಡುವವರು, ಊರೂರಿಗೆ ಸುದ್ದಿ ಮುಟ್ಟಿಸುವವರು. ಅವರ ಮನೆಯಲ್ಲಿ ಸಾವಾದಾಗ ಊರ ಮುಂದಾಳುಗಳು ಹೋಗಿ ಜಗಲಿ ಮೇಲೆ ಕೂತದ್ದನ್ನು ನಾನು ಕಂಡದ್ದು ಬಹಳ ಕಡಮೆ. ನಾನೂ ಕೂತಿರಲಿಲ್ಲ. ಸತ್ತ ಬೇಸಾಯದವರ ಲೆಕ್ಕದಲ್ಲಿ ರೈತರಿಗಿಂತ ಕೂಲಿಕಾರರೇ ಹೆಚ್ಚು ಅಂತ ಮೇಲೆ ಬರೆದೆ. ಆ ಮನೆಗಳು ಯಾವ ಬೀದಿಯಲ್ಲಿವೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ಗಡಿಯವರು ಮಾಡಿದ್ದು

ಅಕ್ಕಪಕ್ಕದವರೇ ಕಲಿತು ಈ ಕೆಲಸ ಮಾಡಬಹುದು ಅನ್ನುವುದಕ್ಕೆ ಕೇರಳ ಸಾಕ್ಷಿ. ಕೋಳಿಕೋಡ್‌ನಲ್ಲಿ 1993ರಲ್ಲಿ ಶುರುವಾದ ನೋವು ಶಮನ ಚಿಕಿತ್ಸಾಲಯ ಮುಂದೆ ಊರೂರಿನ ಚಳವಳಿಯಾಯಿತು. ಶಿಕ್ಷಕರು, ಅಂಗಡಿಯವರು, ಕೂಲಿಯವರು, ಗೃಹಿಣಿಯರು ತರಬೇತಿ ಪಡೆದು ವಾರದಲ್ಲಿ ಕೆಲವು ಗಂಟೆ ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ರೋಗಿ ತೀರಿಕೊಂಡ ಮೇಲೂ ಆ ಮನೆಯವರನ್ನು ಹೋಗಿ ನೋಡುವುದು ಆ ಸೇವೆಯ ಒಂದು ಭಾಗ. ಕೇರಳ ಸರ್ಕಾರ 2008ರಲ್ಲಿ ಇದಕ್ಕೊಂದು ನೀತಿಯನ್ನೇ ಮಾಡಿತು. ಈ ಪುಟದ ಕಾಸರಗೋಡು, ವಯನಾಡಿನ ಓದುಗರು ಇದನ್ನು ಕಣ್ಣಾರೆ ಕಂಡಿರುತ್ತಾರೆ.

ವಯನಾಡಿನಲ್ಲೇ 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆ ಮೇಲೆ ಗುಡ್ಡ ಕುಸಿದು ಇನ್ನೂರೈವತ್ತಕ್ಕೂ ಹೆಚ್ಚು ಜನ ಹೋದರು. ಕೆಲಸಕ್ಕೆ ಹೋಗಿ ನೆಲೆಸಿದ್ದ ಕನ್ನಡದವರೂ ಅವರಲ್ಲಿದ್ದರು. ಗುರುತು ಸಿಗದ ದೇಹಗಳನ್ನು ಪುತ್ತುಮಲೆಯಲ್ಲಿ ಹೂಳುವಾಗ ಎಲ್ಲಾ ಧರ್ಮದವರು ಒಟ್ಟಿಗೆ ನಿಂತು ಪ್ರಾರ್ಥಿಸಿದರು. ಗೋರಿಗಳ ಮೇಲೆ ಹೆಸರಿನ ಬದಲು ಡಿಎನ್‌ಎ ಪರೀಕ್ಷೆಯ ಸಂಖ್ಯೆ ಬರೆದರು. ಸತ್ತವರು ಯಾರೆಂದೇ ಗೊತ್ತಿಲ್ಲದವರ ಸಾವಿಗೂ ಮನೆಯವರ ಹಾಗೆ ನಿಂತವರು ಆ ಜನ. ಶಿಬಿರಗಳಲ್ಲಿ ಉಳಿದವರ ಜೊತೆ ಕೂತು ಮಾತಾಡಿಸಲು ಆಪ್ತ ಸಮಾಲೋಚಕರನ್ನೂ ನೇಮಿಸಿದ್ದರು.

ಸರ್ಕಾರದ ಕಡೆಯಿಂದ ನಮಗೂ ಒಂದು ಸವಲತ್ತಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್, ಸಂಖ್ಯೆ 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡವೂ ಉಂಟು, ತೆಲುಗೂ ಉಂಟು. ಬದುಕು ಬೇಡ ಅನ್ನುವ ಮಾತು ಯಾರ ಬಾಯಲ್ಲಿ ಬಂದರೂ ಕಾಯಬೇಡಿ. ಅವರನ್ನು ಒಬ್ಬರೇ ಬಿಡದೆ ಆ ಸಂಖ್ಯೆಗೆ ಫೋನ್ ಮಾಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋಗಿ. ಆದರೆ ಫೋನು ಎತ್ತಿಕೊಳ್ಳುವ ಶಕ್ತಿಯೂ ಇಲ್ಲದ ದಿನಗಳಿರುತ್ತವೆ. ಆಗ ನಂಬರ್ ಒತ್ತಿ ಕೈಗೆ ಕೊಡುವವರು ಪಕ್ಕದಲ್ಲಿರಬೇಕು.

ನಾವೇನು ಮಾಡಬಹುದು

ಊರಿಗೆ ಇಬ್ಬರು ಸಾಕು, ಒಬ್ಬ ಹೆಂಗಸು ಒಬ್ಬ ಗಂಡಸು. ಒಬ್ಬರಿಗೆ ಕೂತು ಕೇಳುವ ತಾಳ್ಮೆ ಇರಲಿ, ಒಬ್ಬರಿಗೆ ಎರಡು ಭಾಷೆಯ ಕಾಗದ ಓದಲು ಬರಲಿ. ಸಾವಾದ ಮೇಲೆ ಹನ್ನೆರಡನೇ ದಿನ, ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ, ಮೊದಲ ಹಬ್ಬಕ್ಕೆ, ವರ್ಷಕ್ಕೆ ಆ ಮನೆಗೆ ಹೋಗಲಿ. ಯಾವ ಜಾತಿಯ ಬೀದಿಯಾದರೂ ಹೋಗಲಿ. ಕೇಳಿದ್ದನ್ನು ಊರಿಗೆ ಹೇಳದೆ ಇರಲಿ. ಬಾಯಿ ಕಟ್ಟದವರಿಗೆ ಈ ಕೆಲಸ ಬೇಡ. ಪರಿಹಾರದಲ್ಲಿ ಪಾಲು ಕೇಳುವ ದಲ್ಲಾಳಿಗಳಿಗಂತೂ ಬೇಡವೇ ಬೇಡ. ಆಶಾ ಕಾರ್ಯಕರ್ತೆಯರ ತಲೆ ಮೇಲೆ ಇದನ್ನೂ ಹೇರುವುದು ಸರಿಯಲ್ಲ, ಅವರಿಗಿರುವ ಕೆಲಸವೇ ಸಾಕಷ್ಟಿದೆ. ಬೇಕಾದರೆ ಅವರಿಂದ ಒಂದು ದಿನ ಕಲಿಯೋಣ.

ಎರಡೂ ಸರ್ಕಾರಗಳಿಂದ ಕೇಳಬೇಕಾದದ್ದು ದೊಡ್ಡದೇನಲ್ಲ. ಗಡಿಯ ತಾಲ್ಲೂಕು ಮಂಡಲ ಕಚೇರಿಗಳಲ್ಲಿ, ಆ ಕಡೆ ಸತ್ತ ಈ ಕಡೆಯವರ ಕಾಗದವನ್ನು ಕಚೇರಿಯೇ ಕಚೇರಿಗೆ ಬರೆದು ತರಿಸಿಕೊಳ್ಳುವ ವ್ಯವಸ್ಥೆ. ಅರ್ಜಿಯ ನಮೂನೆ ಕನ್ನಡ ತೆಲುಗು ಎರಡರಲ್ಲೂ. ವ್ಯಾಪಾರಕ್ಕೆ, ಕಡಲೆಕಾಯಿ ಲಾರಿಗೆ ಗಡಿ ಅಡ್ಡ ಬರುವುದಿಲ್ಲ. ಹೆಣವನ್ನು ಮನೆಗೆ ತರುವಾಗಲೂ ಅಡ್ಡ ಬರಲಿಲ್ಲ. ಹೆಣದ ಹಿಂದೆ ಬರಬೇಕಾದ ಒಂದು ಹಾಳೆಗೆ ಯಾಕೆ ಅಡ್ಡ ಬರಬೇಕು?

ಆ ಹೆಣ್ಣುಮಗಳಿಗೆ ಮರಣ ಪತ್ರ ಸಿಕ್ಕಿತು, ವಿಮೆಯ ಹಣ ಸಿಕ್ಕಿತು, ಪಿಂಚಣಿ ಬರುತ್ತಿದೆ. ಪರಿಹಾರ ಬಂದಿಲ್ಲ, ಗುತ್ತಿಗೆಯ ನೆಲಕ್ಕೆ ಚೀಟಿ ಇರಲಿಲ್ಲ. ನಾನು ಅಮಾವಾಸ್ಯೆಗೆ ಒಂದು ಸಲ ಹೋಗುತ್ತೇನೆ. ಪದ್ಯ ತೆಗೆದುಕೊಂಡು ಹೋಗುವುದಿಲ್ಲ. ಜಗಲಿ ಮೇಲೆ ಕೂತರೆ ಅಜ್ಜಿ ನನ್ನ ಮುಂದಕ್ಕೂ ಒಂದು ಬೊಗಸೆ ಕಾಯಿ ತಳ್ಳುತ್ತಾಳೆ. ಸುಲಿಯುತ್ತಾ ಕೂರುತ್ತೇನೆ. ಕೆಲವು ಸಲ ಅವಳು ಮಾತಾಡುತ್ತಾಳೆ, ಕೆಲವು ಸಲ ಇಲ್ಲ.